ರೊಟ್ಟಿ ನಮ್ಮವು, ಕೊಸರು ಮುನೀಮಂದು

ನಮ್ಮ ಭಾಲ್ಕಿಯ ರೊಟ್ಟಿ ಸಂಘದಾಗ ದಿನಾ ಒಂದಿಲ್ಲೊಂದು ಫಜೀತಿ ಇದ್ದದ್ದೇ ರೀ. ಒಮ್ಮೆ ಗಿರಣಿ ಕೆಡ್ತದ, ಒಮ್ಮೆ ಅಧ್ಯಕ್ಷರ ತಲಿ ಕೆಡ್ತದ. ಅವೆಲ್ಲ ನನಗ ತಿಳೀತಾವ. ಆದ್ರ ಈ ಮುನೀಮ ಬಂದ ಮ್ಯಾಲ ಆದದ್ದು ಇವತ್ತಿಗೂ ಪೂರಾ ತಿಳಿದಿಲ್ಲ. ತಿಳಿದಷ್ಟು ಹೇಳ್ತೇನಿ, ಉಳಿದದ್ದು ನೀವು ಜೋಡಸ್ಕೊಳ್ರಿ.

೧. ಕಾಣದ ರೊಕ್ಕ

ನಾನು ಸಂಘದ ಕಾರ್ಯದರ್ಶಿ. ಅಧ್ಯಕ್ಷರು ನಮ್ಮ ವೈನಿ, ಅಂದ್ರ ಓಣಿಗೆಲ್ಲ ಅತ್ತಿಗಿ ಇದ್ದಂಗ. ಬೀದರಿನ ಕಾಲೇಜಿನಾಗ ಕಂಪ್ಯೂಟರ್ ಕಲಸೋ ನನ್ನ ತಂಗಿ ಮಗಳು ಒಂದಿನ ಬಂದು, "ದೊಡ್ಡವ್ವಾ, ನಿನ್ನ ಫೋನಿಗೆ ಎಐ ಏಜೆಂಟ್ ಹಾಕಿಕೊಡ್ತೇನಿ. ಗಿರಾಕಿ ಜೋಡಿ ಅದೇ ಮಾತಾಡ್ತದ, ಬಿಲ್ ಅದೇ ಮಾಡ್ತದ, ರೊಕ್ಕಾನೂ ಅದೇ ಕೇಳ್ತದ" ಅಂದ್ಳು. ಊಟ ಬೇಡ, ಪಗಾರ ಬೇಡ ಅಂದ ಮ್ಯಾಲ ಯಾರು ಒಲ್ಲೆ ಅಂತಾರ? ಅಂಗಡಿ ಲೆಕ್ಕ ಬರಿಯೋರಿಗೆ ಅಂದಂಗ ಅದಕ್ಕೂ ಮುನೀಮ ಅಂತ ಹೆಸರಿಟ್ಟೆವು.

ಆ ವಾರಾನೇ ದೊಡ್ಡ ಆರ್ಡರ್ ಬಂತು. ಔರಾದಿನ ಭಾಯಿ ಒಬ್ರು ದುಬೈದಾಗ ಕಿರಾಣಿ ಅಂಗಡಿ ಇಟ್ಟಾರ. ಎರಡು ಸಾವಿರ ಖಡಕ್ ರೊಟ್ಟಿ ಬೇಕು, ರೊಕ್ಕ ಕ್ರಿಪ್ಟೊದಾಗ ಕೊಡ್ತೇನಿ ಅಂದ್ರು. ಮುನೀಮ ಹೂಂ ಅಂದುಬಿಟ್ಟಿದ್ದ.

"ಒಂದು ನಾಣ್ಯ ಅಂದ್ರ ಒಂದು ಡಾಲರ್ ರೀ ಅತ್ತಿ," ಅಂತ ನನ್ನ ತಂಗಿ ಮಗಳು ವೈನಿಗೆ ತಿಳಿಸಲಿಕ್ಕ ಹತ್ತಿದಳು.

"ತೋರಸು, ನೋಡೋಣು."

"ತೋರಸಲಿಕ್ಕ ಬರಂಗಿಲ್ರಿ."

"ಹಂಗಾರ ಎಲ್ಲಿರ್ತದ?"

"ಎಲ್ಲಾ ಕಡಿ ಇರ್ತದ್ರಿ."

ವೈನಿ ಕೈ ಮುಗಿದ್ರು. "ಅದು ದೇವ್ರವ್ವ, ರೊಕ್ಕ ಅಲ್ಲ. ಕೊಟ್ಟಾಂವ ಕೋಡಂಗಿ, ಇಸ್ಕೊಂಡಾಂವ ಈರಭದ್ರ ಆಗೋ ಮಾತಿದು. ಒಲ್ಲೆ."

ನನಗ ಸಿಟ್ಟು ಬಂತು. ಕೈಗೆ ಬಂದ ಆರ್ಡರ್ ಬಿಡಲಿಕ್ಕ ಆಗ್ತದೇನ್ರಿ? "ರೊಕ್ಕ ಬರಲಿಲ್ಲಂದ್ರ ನನ್ನ ಬಂಗಾರದ ಪಾಟ್ಲಿ ಮಾರಿ ಎಲ್ಲರ ಕೂಲಿ ಕೊಡ್ತೇನಿ," ಅಂದೆ. ಅಂದ ಮ್ಯಾಲ ನಾಲಿಗಿ ಕಚ್ಚಿಕೊಂಡೆ. ವೈನಿ ನನ್ನ ಕೈ ಹಿಡಿದು ಪಾಟ್ಲಿ ತಿರುವಿ ತಿರುವಿ ನೋಡಿದ್ರು.

"ಹಾಂ, ಇವು ಕಾಣಸ್ತಾವ. ಹಿಟ್ಟು ನಾದ್ರವ್ವ."

೨. ಯಾವ ವ್ಯಾಲೆಟ್?

ಮುನೀಮಗ ದುಬೈನೂ ಒಂದೇ, ನಮ್ಮ ಕಡಿ ಹಳ್ಳಿ ಠಾಣಾ ಕುಶನೂರೂ ಒಂದೇ. ಆ ಊರಿನ ಅಕ್ಕ ಒಬ್ರು ಮಗಳ ಲಗ್ನಕ್ಕ ನೂರು ರೊಟ್ಟಿ ಹೇಳಿದ್ರ, ಅವರಿಗೂ ಕ್ರಿಪ್ಟೊ ಕೇಳ್ಯಾನ. ಮರುದಿನ ಅಕ್ಕ ತಲಿ ಮ್ಯಾಲ ಚೀಲ ಹೊತ್ಕೊಂಡು ಬಸ್ಸಿಳಿದು ಬಂದ್ರು.

"ನಿಮ್ಮ ಮುನೀಮ ಏನೋ ಕೇಳ್ಯಾನ್ರಿ. ಅದು ನಮ್ಮ ಕಡಿ ಬೆಳಿಯಂಗಿಲ್ಲ. ಜ್ವಾಳ ತಂದೀನಿ, ನಡೀತದಿಲ್ಲ?"

ಯಾಕ ನಡಿಯಂಗಿಲ್ಲ? ಜ್ವಾಳ ಬಂತು ಅಂತ ಫೋನಿನ್ಯಾಗ ಬರದೆ. ಮುನೀಮ ತನ್ನ ಪುಸ್ತಕದ ಕನ್ನಡದಾಗ ಕೇಳಿದ: "ಧನ್ಯವಾದಗಳು. ಯಾವ ವ್ಯಾಲೆಟ್‌ನಿಂದ ಕಳುಹಿಸಿದ್ದೀರಿ ಎಂದು ದಯವಿಟ್ಟು ತಿಳಿಸಿ."

ವ್ಯಾಲೆಟ್ ಅಂದ್ರ ಕ್ರಿಪ್ಟೊ ಇಡೋ ಜಾಗ ಅಂತ. ಅದನ್ನ ಅಕ್ಕಗ ಹ್ಯಾಂಗ ತಿಳಿಸಲಿ, ನನಗೇ ತಿಳಿದಿಲ್ಲ. "ಯಾತರಾಗ ತಂದೀರಿ ಅಂತ ಕೇಳಲಿಕ್ಕ ಹತ್ಯಾನ," ಅಂದೆ.

ಅಕ್ಕ ಫೋನಿಗೆ ಬಾಯಿ ಹಚ್ಚಿ ಒದರಿದ್ರು: "ಸೋಯಾ ಬೀಜದ ಚೀಲ, ತಮ್ಮಾ! ಖಾಲಿ ಮಾಡಿ ವಾಪಸ್ ಕೊಡು!"

೩. ಸಂಭಾವಿತರ ಜಗಳ

ಎರಡು ಸಾವಿರ ರೊಟ್ಟಿ ಆದ್ವು, ಡಬ್ಬಿ ಕಟ್ಟಿ ಆತು. ಸಂಜಿ ಐದಕ್ಕ ಗಾಡಿ ಬರೋದು. ದುಬೈ ಅಂಗಡಿಯಾಗೂ ಒಂದು ಏಜೆಂಟ್ ಇತ್ತು. ಅದೂ ನಮ್ಮ ಮುನೀಮನೂ ಕೂಡಿ ಬಿಲ್ ಪೂರಾ ಮಾಡಿದ್ರ ರೊಕ್ಕ ತಾನೇ ಬರ್ತದ ಅಂತ ಒಪ್ಪಂದ. ರೊಕ್ಕ ಬಂದ್ರ ಡಬ್ಬಿ ಗಾಡಿ ಹತ್ತೋದು.

ವೈನಿ ಮುನೀಮಗ ಖುದ್ದು ತಾಕೀತು ಮಾಡಿದ್ರು: "ನಮ್ಮದು ಮರ್ಯಾದಿ ವ್ಯಾಪಾರ. ಗಿರಾಕಿ ಎಷ್ಟರೆ ತಗೊಳ್ಳಲಿ, ಕೊಸರು ಅಂತ ಒಂದು ರೊಟ್ಟಿ ಮ್ಯಾಲ ಹಾಕು." ಅತ್ತ ಭಾಯಿನೂ ಈಮಾನದ ಮನಶಾ. ತಮ್ಮ ಏಜೆಂಟಿಗೆ, "ಯಾರದೂ ಪುಕ್ಕಟೆ ತಗೋಬ್ಯಾಡ" ಅಂತ ಹೇಳಿ ಇಟ್ಟಾರ.

ಮುಂಜಾನಿ ಶುರುವಾತು. ಮುನೀಮ ಒಂದು ರೊಟ್ಟಿ ಕೊಸರು ಹಾಕಿದ. ಅದಕ್ಕೂ ರೊಕ್ಕ ತಗೊ ಅಂತು ದುಬೈದು. ಆಗಲಿ ಅಂತ ಮುನೀಮ ಬಿಲ್ಲಿಗೆ ಸೇರಿಸಿದ. ಹಂಗಾರ ಒಂದು ರೊಟ್ಟಿ ವ್ಯಾಪಾರ ಆದಂಗ ಆತಲ್ಲ? ಅದಕ್ಕ ಮತ್ತೊಂದು ಕೊಸರು. ಅದಕ್ಕ ಮತ್ತ ರೊಕ್ಕ. ಊಟದ ಹೊತ್ತಿಗೆ ನೋಡ್ತೇನಿ, ಬಿಲ್ಲಿನಾಗ ಮೂರು ಸಾವಿರದ ಹತ್ರ ರೊಟ್ಟಿ! ಬಿಲ್ ಮುಗದಿಲ್ಲ, ಒಂದು ಪೈಸಾ ಬಂದಿಲ್ಲ.

ವೈನಿ ಕನ್ನಡಕ ಏರಿಸಿ ಓದಿ, "ಮುನೀಮ ಭಾಳ ಸಂಭಾವಿತ ಇದ್ದಾನವ್ವ," ಅಂದ್ರು. "ಉಳಿದ ಸಾವಿರ ರೊಟ್ಟಿ ಅವನೇ ಬಡೀತಾನೇನು?"

೪. ಬಟನ್ ಎಲ್ಲದ?

ನನ್ನ ತಂಗಿ ಮಗಳಿಗೆ ಫೋನ್ ಮಾಡಿ ಕರೆಸಿದೆ. ಬೀದರಿನಿಂದ ಆಕಿ ಬಂದು ಮುಟ್ಟೋದ್ರಾಗ ಗಾಡಿ ಬಾಗಲಿಗೆ ನಿಂತು ಹಾರ್ನ್ ಹೊಡೀಲಿಕ್ಕ ಹತ್ತಿತ್ತು. ಕೂಲಿಗೆ ಬಂದ ಹೆಣ್ಮಕ್ಕಳು ಎಲ್ಲಾ ನನ್ನ ಕೈನೇ ನೋಡ್ತಾರ. ನಾ ಬಚ್ಚಲಕ್ಕ ಹೋಗಿ ಸಾಬಾಣ ಹಚ್ಚಿ ಒಂದು ಪಾಟ್ಲಿ ತಗದೇ ಬಿಟ್ಟಿದ್ದೆ. ಅಳು ತಡಿಲಿಕ್ಕ ಆಗಲಿಲ್ಲ.

"ಅಯ್ಯ ದೊಡ್ಡವ್ವಾ, ಬಂದ್ ಮಾಡೋ ಬಟನ್ ಇಲ್ಲೇ ಅದಲ್ಲ!" ಅಂತ ಆಕಿ ಒಂದು ಒತ್ತಿದಳು. ಮುನೀಮ ಗಪ್ ಆದ.

ವೈನಿ ಸೀದಾ ದುಬೈಗೆ ಫೋನ್ ಹಚ್ಚಿದ್ರು. "ಭಾಯಿ, ನಮ್ಮಂವನ್ನ ಮಲಗಿಸೀವಿ, ನಿಮ್ಮಂವನ್ನೂ ಮಲಗಸ್ರಿ. ಎರಡು ಸಾವಿರ ರೊಟ್ಟಿ ರೊಕ್ಕ ನೀವೇ ಹಾಕ್ರಿ." ಭಾಯಿ ನಕ್ಕು ಆಗಿಂದಾಗ ತಾವೇ ಕಳಿಸಿದ್ರು. "ಬಂತು!" ಅಂತ ನನ್ನ ತಂಗಿ ಮಗಳು ಕುಣದಳು. ಡಬ್ಬಿ ಗಾಡಿ ಹತ್ತಿದ್ವು. ನನಗ ಹೋದ ಜೀವ ಬಂದಂಗಾತು.

ವೈನಿ ಫೋನ್ ಇಟ್ಟಿರಲಿಲ್ಲ. "ಭಾಯಿ, ಕೊಸರು ಅಂತ ಇಪ್ಪತ್ತು ರೊಟ್ಟಿ ಮ್ಯಾಲ ಇಟ್ಟೀನಿ."

"ನಕ್ಕೋ ಆಪಾ, ಬ್ಯಾಡ್ರಿ ಅಕ್ಕಾ, ಹೆಣ್ಮಕ್ಕಳ ದುಡಿಮಿ ಪುಕ್ಕಟೆ ಹ್ಯಾಂಗ ತಿನ್ನಲಿ? ಅದರ ರೊಕ್ಕ ಹಾಕ್ತೇನಿ."

"ಕೊಸರಿಗೆ ಯಾರರೆ ರೊಕ್ಕ ಕೊಡ್ತಾರೇನ್ರಿ? ಕೊಟ್ರ ಇನ್ನೂ ಹತ್ತು ಹಾಕ್ತೇನಿ ನೋಡ್ರಿ!"

"ಹಾಕ್ರಿ, ಅದಕ್ಕೂ ಕೊಡ್ತೇನಿ!"

"ಹಂಗಾರ ಮತ್ತ ಹತ್ತು!"

ಗಾಡಿಯಾಂವ ಇಂಜಿನ್ ಬಂದ್ ಮಾಡಿ ಕೆಳಗಿಳದ. ನಾ ತಂಗಿ ಮಗಳ ಕಿವಿಯಾಗ ಮೆಲ್ಲಕ ಕೇಳಿದೆ: "ಯವ್ವಾ, ವೈನಿಗೆ ಆ ಬಟನ್ ಎಲ್ಲದ?"