ಹಿಮ್ಮಡಿ ಮುಳುಗುವಷ್ಟು ನೀರು

ನೀರು ಅಳೆಯೋಕೆ ಹೋಗಿ ನಗೆಪಾಟಲಾಗದ ರೈತ ನಮ್ಮ ಚಿಲಮತ್ತೂರು ಕಡೆ ಇನ್ನೂ ಹುಟ್ಟಿಲ್ಲ. ಬೇರೆಯವರದು ಯಾಕೆ, ನನ್ನದೇ ಕೇಳಿ.

೧. ಪೈಪಿನ ಅಳತೆ

ನಮ್ಮಲ್ಲಿ ಬೋರ್ ನೀರಿಗೆ ಇಂಚೇ ಲೆಕ್ಕ. ಬ್ರಹ್ಮಸಮುದ್ರದಿಂದ ಹೆಣ್ಣು ಕೊಡೋಕೆ ಬಂದ ಮಾವ, ನಾನೇನು ಓದಿದ್ದೀನಿ ಅಂತ ಕೇಳಲೇ ಇಲ್ಲ. "ಬೋರಲ್ಲಿ ಎಷ್ಟಿಂಚು?" ಅಂದರು. ನಮ್ಮಪ್ಪ ಮೀಸೆ ತಿರುವಿ, "ಎರಡೂವರೆ ಇಂಚು ಕಣಪ್ಪ" ಅಂದ. ಮಾವ ಮೋಟ್ರು ಹಾಕಿಸಿ ನೋಡಿದರು. ಅರ್ಧ ಪೈಪೂ ತುಂಬಿರಲಿಲ್ಲ.

"ಪೈಪು ಸರೇ ಬಾವಾ, ನೀಳ್ಳೆನ್ನಿ?" ಅಂದರು. ಪೈಪು ಸರಿ, ನೀರೆಷ್ಟು ಅಂತ.

ಅಪ್ಪ ಸೋಲಲಿಲ್ಲ. "ನೀರು ವಸಿ ಕಮ್ಮಿ. ಹುಡುಗ ಪೂರಾ ಅವ್ನೆ, ನೋಡ್ಕೊಳ್ಳಿ" ಅಂದ.

೨. ಮಾತಾಡದ ಮೀಟರು

ಮದುವೆ ಆದಮೇಲೆ ನಮ್ಮ ಹೊಲಕ್ಕೆ ನನ್ನ ಹೆಂಡತಿಯ ಕಾಲೇ ಅಳತೆ. ರೇಷ್ಮೆ ಸೊಪ್ಪಿನ ಮಡಿಯಲ್ಲಿ ನಿಂತು, ಹಿಮ್ಮಡಿ ಮುಳುಗಿದ ತಕ್ಷಣ, "ಸಾಕು, ನಿಲ್ಸು, ಉಣ್ಣಾಕೆ ಬಾ" ಅಂತ ಕೂಗೋಳು.

ಈಗ ಮಗಳ ಎರಡನೇ ಬಾಣಂತನ ಅಂತ ಕಲ್ಯಾಣದುರ್ಗಕ್ಕೆ ಹೋಗವಳೆ. ಹೊಲ ಬಣಬಣ ಅಂತದೆ. ಹಿಂದೂಪುರದಿಂದ ನೀರಿನ ಮೀಟರು ತಂದು ಪೈಪಿಗೆ ಹಾಕಿಸಿದೆ. ಲೀಟರು ಸರಿಯಾಗೇ ತೋರಿಸ್ತದೆ, ಊಟಕ್ಕೆ ಮಾತ್ರ ಕರೆಯಲ್ಲ. ಒಂದಿನ ಅದರ ಮುಂದೆ ಕೂತು, "ಸಾಕೇನೇ?" ಅಂತ ಕೇಳಿಯೇಬಿಟ್ಟೆ.

ಬದುವಿನಾಚೆ ಇದ್ದ ಪಕ್ಕದ ಹೊಲದೋನು, "ಅಣ್ಣಾ, ಅತ್ತಿಗೇನ ಬೇಗ ಕರೆಸ್ಕೋ. ಮೀಟ್ರು ಹೆದರ್ಕಂತೈತೆ" ಅಂದ.

೩. ಮೊಣಕಾಲುದ್ದ ನೀರು

ಅವಳನ್ನ ನೋಡಬೇಕು ಅನ್ನಿಸ್ತು. ಅಳತೆ ಕೇಳೋ ನೆಪದಲ್ಲಿ ವಿಡಿಯೋ ಕಾಲ್ ಮಾಡಿ, ಮಡಿಯಲ್ಲಿ ನನ್ನ ಕಾಲಿಟ್ಟು ತೋರಿಸಿದೆ.

"ಸರಿಯಾಗೈತಲ್ಲ! ಕಲ್ತ್‌ಬುಟ್ಟೆ ಬುಡು. ಹಂಗಾದ್ರೆ ನಾನು ಇನ್ನೆರಡು ತಿಂಗಳು ಇಲ್ಲೇ ಇರ್ತೀನಿ" ಅಂದಳು.

ಕಲಿತಿದ್ದೇ ತಪ್ಪಾಯ್ತಲ್ಲಪ್ಪ!

ಮಾರನೇ ದಿನ ಬರೀ ಫೋನ್ ಮಾಡಿದೆ, ವಿಡಿಯೋ ಇಲ್ಲ. "ಅಯ್ಯೋ, ಅಳತೆ ತಪ್ಪೋಯ್ತು ಕಣೇ! ಮಡಿಯೆಲ್ಲ ಕೆರೆ ಆಗೈತೆ. ಮೊಣಕಾಲುದ್ದ ನೀರು! ನೀನು ಬರದಿದ್ರೆ ಸೊಪ್ಪೆಲ್ಲ ಕೊಳ್ತೋಯ್ತದೆ" ಅಂತ ಗೋಳಾಡಿದೆ.

ಆ ಕಡೆಯಿಂದ ಕಿಸಕ್ಕನೆ ನಗು.

"ಒಂದಿಂಚಿನ ಬೋರಲ್ಲಿ ಮೊಣಕಾಲುದ್ದ ನೀರಾ? ನಿಮ್ಮಪ್ಪನ್ನೂ ಮೀರಿಸ್ಬುಟ್ಟೆ ಕಣಯ್ಯೋ! ಮೊದ್ಲು ಆ ಮೋಟ್ರು ಆಫ್ ಮಾಡಿ ಹೋಗಿ ಉಣ್ಣು. ಭಾನುವಾರದ ಬಸ್ಸಿಗೆ ಬತ್ತೀನಿ."