ಮಾತಿನ ನಡುವ ಎದ್ದೆ

ಆಗಾಗ ಎದ್ದು ಅಡ್ಡಾಡಿದ್ರ ಮನಸ್ಸು ಹಗುರ ಆಗ್ತದ. ಇದು ನಾ ಖುದ್ದ ಅನುಭವಿಸಿದ್ದು, ಸುಳ್ಳಲ್ರಿ. ಚಿತ್ತಾಪುರ ಕೋರ್ಟಿನ ಮುಂದ ಮುಂಜಾನಿಂದ ಸಂಜಿತನ ಕುಂತು ಅರ್ಜಿ ಟೈಪ್ ಮಾಡೋ ಮನಷ್ಯಾ ನಾನು. ಮನಿಗಿ ಬಂದ್ರ ಮಾರಿ ಗಂಟು! "ಯಾರು ಸತ್ತಾರಂತ ಕೇಳ್ಬೇಕು ನಿಮ್ಮ ಮಾರಿ ನೋಡಿದ್ರ" ಅಂತಿದ್ಳು ಹೆಂಡ್ತಿ ಶಾಂತಾ. ಡಾಕ್ಟರ್ ಎದ್ದು ಅಡ್ಡಾಡ್ರಿ ಅಂದ್ರು. ಮಗಳು ರೇಣುಕಾ ನನ್ನ ಮೊಬೈಲಿನಾಗ ತಾಸಿಗೊಮ್ಮೆ ಹೊಡ್ಕೊಳ್ಳೋ ಗಂಟಿ ಇಟ್ಟುಕೊಟ್ಳು. ಬಂದ್ ಮಾಡೋತನ ಬಿಟ್ಟು ಬಿಟ್ಟು ಒದರೋದು ಅದು, ಕೇಳಿದ ಕೂಡ್ಲೆ ನನ್ನ ಕಾಲು ತಾವೇ ಏಳ್ತಿದ್ವು. ಸ್ವಲ್ಪ ದಿನದಾಗ ನಾ ಸಿಳ್ಳಿ ಹೊಡೀಲಿಕತ್ತೆ!

ಅಷ್ಟರಾಗ ಶಹಾಬಾದಿಂದ ರೇಣುಕಾಳ್ನ ಕೇಳ್ಲಿಕ್ಕ ಬಂದ್ರು. ಹುಡುಗ ಅಕಿಗಿ ಭಾಳ ಪಸಂದ್ ಆಗಿದ್ದ. ಜಮಖಾನಿ ಹಾಸಿ, ನಡುವ ಸಕ್ಕರಿ ತಟ್ಟಿ ಇಟ್ಟು ಮಾತಿಗಿ ಕುಂತೇವು. ಮಾತು ಮುಗಿದ್ರ ಸಕ್ಕರಿ ಬಾಯಿಗಿ. ನಡುವ ಹೆಣ್ಣಿನ ಅಪ್ಪ ಎದ್ದ ಅಂದ್ರ ಸಂಬಂಧ ಬ್ಯಾಡಂತ ಅರ್ಥ. ಬಾಯಿಬಿಟ್ಟು ಇಲ್ಲ ಅನ್ನೋ ರಿವಾಜು ನಮ್ಮಲ್ಲಿಲ್ಲ. ಸದರಿ ಕಾನೂನು ನನಗ ಚಂದ ಗೊತ್ತಿತ್ತು. ನನ್ನ ಕಾಲಿಗಿ ಗೊತ್ತಿರ್ಲಿಲ್ಲ!

"ಮದಿವಿ ನಿಮ್ಮ ಮನಿ ಮುಂದೇ ಆಗ್ಲಿ" ಅಂದ ಹುಡುಗನ ಸೋದರಮಾವ. ಗೋಡಿ ಮಾಡದಾಗ ಇಟ್ಟಿದ್ದ ಮೊಬೈಲಿನ ಗಂಟಿ ಹೊಡ್ಕೊಂತು. ನಾ ಎದ್ದು ನಿಂತೆ.

ಎಲ್ಲರೂ ನನ್ನ ಕಾಲು ನೋಡಿದ್ರು.

"ಯಾಕ್ರಿ, ಒಪ್ಪಿಗಿ ಇಲ್ಲೇನು?" ಅಂದ ಮಾವ.

"ಛೇ ಛೇ! ಭಾಳೊತ್ತು ಕುಂದ್ರಬಾರ್ದು ಅಂತ ಡಾಕ್ಟರ್ ಹೇಳ್ಯಾರ್ರಿ" ಅಂದು ಲಗೂನ ಕುಂತೆ.

ಹುಡುಗನ ಅವ್ವ ಮೆಲ್ಲಗ ಕೇಳಿದ್ಳು, "ಏನು ಬ್ಯಾನಿ ಅಣ್ಣಾ?"

"ಹಂತಾದೇನಿಲ್ಲ ಯಕ್ಕಾ, ಮನಸ್ಸಿಂದು" ಅಂದೆ!

ಶಾಂತಾ ಹಣಿ ಹಣಿ ಬಡ್ಕೊಂಡ್ಳು. "ಈಗ ಆರಾಮ ಅದ್ರಿ, ಸಿಳ್ಳಿ ಸುದ್ದಾ ಹೊಡೀತೀನಿ" ಅಂತ ಹೊಡದೂ ತೋರಿಸಿದೆ. ಅವರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಹಾಳಾದ ಗಂಟಿ ಮತ್ತ ಸುರು! ಅದನ್ನ ಬಂದ್ ಮಾಡ್ಬೇಕಂತ ಮಾಡದ ಕಡಿ ಎದ್ದೆ.

ಮಾವ ರುಮಾಲು ತಲಿಗಿ ಇಟ್ಕೊಂಡ. "ಎರಡ ಸಲ ಎದ್ರಿ. ನಮಗ ತಿಳೀತ್ರಿ."

ಅವರೆಲ್ಲಾ ಎದ್ರು. "ಕಾಲು ಬೀಳ್ತೀನ್ರಿ, ಕುಂದ್ರಿ, ಕುಂದ್ರಿ!" ಅಂತ ಒದರಿದೆ. ನಿಂತುಕೊಂಡೇ! ಬಾಗಲ ಮರಿಗಿ ನಿಂತಿದ್ದ ರೇಣುಕಾ ಒಳಗ ಹೋದ್ಳು.

ಆಮ್ಯಾಲ ಎಷ್ಟು ಸಲ ಹಚ್ಚಿದ್ರೂ ಅವರು ಫೋನ್ ಎತ್ತಲಿಲ್ಲ. ಹುಡುಗನಿಗಿ ಸೇಡಂ ಕಡಿ ಹೆಣ್ಣು ನಿಕ್ಕಿ ಆಯ್ತಂತ.

ಗಂಟಿ ತೆಗೆದು ಹಾಕೀನಿ. ಮಾರಿ ಮತ್ತ ಗಂಟಾಗ್ಯದ, ಶಾಂತಾ ಏನೂ ಅನ್ನೋದಿಲ್ಲ. ಊಟಕ್ಕ ನಾ ಬಂದು ಕುಂತ್ರ ರೇಣುಕಾ ಅರ್ಧಕ್ಕೇ ತಾಟು ಹಿಡ್ಕೊಂಡು ಏಳ್ತಾಳ. ಯಾಕವ್ವಾ ಅಂತ ನಾ ಕೇಳೋದಿಲ್ಲ. ನಡುವ ಎದ್ರ ಏನರ್ಥ ಅಂತ ನನಗ ಚಂದ ಗೊತ್ತದ.