ಬಾವಲಿಗಳಿಗೊಂದು ಸರ್ಟಿಫಿಕೇಟು

ಎಲ್ಲದಕ್ಕೂ ಕಾರಣ ಪಂಕಜಾಕ್ಷಿಯಕ್ಕ ತೆಗೆದ ಒಂದು ಫೋಟೋ. ಕೋಡಿಂಬಾಳದ ತ್ಯಾಂಪಣ್ಣನ ಜಾಗದ ಮೂಲೆಯಲ್ಲಿ ಒಂದು ದೊಡ್ಡ ಗೋಳಿಮರ, ಅಂದರೆ ಆಲದಮರ, ಇದೆ. ಅದರ ತುಂಬ ಬಾವಲಿಗಳು ನೇತಾಡಿಕೊಂಡಿರುವುದು ಅವನ ಅಜ್ಜನ ಕಾಲದಿಂದಲೂ ಇದ್ದದ್ದೇ. ಆದರೆ ಕೇರಳದಲ್ಲಿ ಬಾವಲಿಗಳಿಂದ ಹರಡುವ ನಿಫಾ ಜ್ವರ ಕಾಣಿಸಿಕೊಂಡಿದೆ ಎಂದು ಟಿವಿಯಲ್ಲಿ ಬಂದ ಮರುದಿನ ಬೆಳಿಗ್ಗೆ, ಪಕ್ಕದ ಮನೆಯ ಪಂಕಜಾಕ್ಷಿಯಕ್ಕ ಬೇಲಿಯ ಬಳಿ ನಿಂತು ಆ ಮರದ ಫೋಟೋ ತೆಗೆದು, ‘ನಮ್ಮಲ್ಲಿಯೂ ಉಂಟು, ಜಾಗ್ರತೆ’ ಎಂದು ಬರೆದು ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಫೋಟೋದ ಒಂದು ಬದಿಯಲ್ಲಿ ತ್ಯಾಂಪಣ್ಣನ ರಂಬುಟಾನ್ ಮರಗಳೂ ಕೆಂಪಗೆ ಹಣ್ಣು ಬಿಟ್ಟು ನಿಂತಿದ್ದವು.

ಆ ಮರಗಳನ್ನು ನೆಟ್ಟಾಗ, ಮೈಯೆಲ್ಲ ಕೂದಲಿರುವ ಹಣ್ಣನ್ನು ಯಾರು ತಿನ್ನುತ್ತಾರೆ ಎಂದು ಊರವರು ನಕ್ಕಿದ್ದರು. ಬಾವಲಿಗಳು ತಿಂದವು. ಪ್ರತಿ ವರ್ಷವೂ ತಪ್ಪದೆ, ಒಂದನ್ನೂ ಬಿಡದೆ ತಿಂದವು. ಈ ವರ್ಷ ಮಾತ್ರ ಅವುಗಳ ಕೈಯಲ್ಲೂ ಮುಗಿಸಲಾಗದಷ್ಟು ಫಸಲು. ಪುತ್ತೂರಿನ ದರ್ಬೆಯಲ್ಲಿ ಹಣ್ಣಿನ ವ್ಯಾಪಾರ ಮಾಡುವ ಹಕೀಮ್ ಅಷ್ಟನ್ನೂ ಒಟ್ಟಿಗೆ ಕೊಯ್ದು ಒಯ್ಯುವುದಾಗಿ ಒಪ್ಪಿದ್ದ. ಆ ದುಡ್ಡಿನಲ್ಲಿ ಹೆಂಡತಿಗೆ ಸ್ಕೂಟರ್ ಕೊಡಿಸುವುದೆಂದು ತ್ಯಾಂಪಣ್ಣ ಮಾತು ಕೊಟ್ಟಾಗಿತ್ತು. ಕಡಬದ ಹೊಲಿಗೆ ಅಂಗಡಿಗೆ ಹೋಗುವ ವಾಸಂತಿ ಡ್ರೈವಿಂಗ್ ಲೈಸನ್ಸನ್ನು ಪರ್ಸಿನಲ್ಲಿಟ್ಟುಕೊಂಡು ಒಂದು ವರ್ಷದಿಂದ ಬಸ್ಸಿಗೆ ಕಾಯುತ್ತಿದ್ದಳು. ಹಕೀಮ್ ಬರಬೇಕಾಗಿದ್ದದ್ದು ಆ ದಿನವೇ.

ಬೆಳಗ್ಗಿನ ಚಾ ಕುಡಿಯುವಾಗ ಹಕೀಮನ ಫೋನ್ ಬಂತು.

“ತ್ಯಾಂಪಣ್ಣ, ನನಗೆ ನಿಮ್ಮ ಮೇಲೆ ಸಂಶಯ ಇಲ್ಲ ಮಾರಾಯ್ರೆ, ಬಾವಲಿ ಮೇಲೆ ಸಂಶಯ. ಗಿರಾಕಿಗಳು ಕೇಳಿದ್ರೆ ನಾನು ಎಂತ ಹೇಳುದು?”

“ನನ್ನ ಬಾವಲಿಗಳಿಗೆ ಎಂತ ರೋಗವೂ ಇಲ್ಲ. ನೀವು ಮಧ್ಯಾಹ್ನ ಪಿಕಪ್ ತನ್ನಿ. ಸರ್ಟಿಫಿಕೇಟು ತೆಗೆದಿಟ್ಟಿರ್ತೇನೆ.”

ತ್ಯಾಂಪಣ್ಣನಲ್ಲಿ ಧೈರ್ಯಕ್ಕೆ ಯಾವತ್ತೂ ಕೊರತೆ ಇರಲಿಲ್ಲ. ಬಾವಲಿಗೆ ಸರ್ಟಿಫಿಕೇಟು ಕೊಡುವವರು ಯಾರು ಎಂಬುದನ್ನು ಮಾತ್ರ ಅವನು ಫೋನ್ ಇಟ್ಟ ಮೇಲೆ ಯೋಚಿಸಿದ.

ಯೋಚಿಸಿದವನಿಗೆ ಹೊಳೆದದ್ದು ಡಾಕ್ಟರ್ ಚಿನ್ಮಯೀ. ಬಾವಲಿಗಳ ವೈರಸ್ಸಿನ ಬಗ್ಗೆ ಸಂಶೋಧನೆ ಮಾಡುವ ಅವರ ತಂಡ, ಪರೀಕ್ಷೆಯ ಯಂತ್ರಗಳಿರುವ ಒಂದು ವ್ಯಾನಿನ ಸಮೇತ ಸುಳ್ಯದಲ್ಲಿ ಬೀಡುಬಿಟ್ಟಿತ್ತು. ಅವರು ಕಾಲಿಟ್ಟ ಕಡೆಯಲ್ಲೆಲ್ಲ ಜನ ಗೇಟು ಹಾಕಿಕೊಂಡಿದ್ದರು. ತಾನಾಗಿ ಕರೆದವನು ತ್ಯಾಂಪಣ್ಣ ಒಬ್ಬನೇ. ನಿಜವಾಗಿಯೂ ಕರೆಯುತ್ತಿದ್ದೀರಾ ಎಂದು ಚಿನ್ಮಯೀ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ತಿಂಡಿ ತಿಂದದ್ದು ಕರಗುವ ಮೊದಲೇ ವ್ಯಾನು ಅವನ ಅಂಗಳದಲ್ಲಿತ್ತು.

ವ್ಯಾನಿನಿಂದ ಇಳಿದ ಮೂವರು ಅಡಿಯಿಂದ ಮುಡಿಯವರೆಗೆ ಬಿಳಿ ಪಿಪಿಇ ಕಿಟ್ ತೊಟ್ಟು, ಕನ್ನಡಕ, ಮಾಸ್ಕು ಏರಿಸಿ, ಗೋಳಿಮರದ ಬುಡದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದರು. ಮೇಲಿನಿಂದ ಬೀಳುವ ಹಿಕ್ಕೆ, ಮೂತ್ರಗಳನ್ನೆಲ್ಲ ಅಮೃತದ ಹಾಗೆ ಜೋಪಾನವಾಗಿ ಕೊಳವೆಗಳಲ್ಲಿ ತುಂಬಿಸತೊಡಗಿದರು. ತನ್ನ ಬಾವಲಿಗಳ ಪರೀಕ್ಷೆ ತನ್ನ ಕಣ್ಣೆದುರೇ ನಡೆಯಬೇಕು ಎಂದು ತ್ಯಾಂಪಣ್ಣ ಹಟ ಹಿಡಿದ. ಹಾಗಾದರೆ ನೀವೂ ಕಿಟ್ ಹಾಕಬೇಕು ಎಂದರು ಚಿನ್ಮಯೀ. ಅವನು ಸಂತೋಷದಿಂದ ಹಾಕಿಕೊಂಡ. ಪಂಚೆಯನ್ನು ಬಿಚ್ಚದೆ ಅದರ ಮೇಲೆಯೇ ಹಾಕಿದ್ದರಿಂದ, ಹತ್ತಿ ಒಂದೇ ಕಡೆಗೆ ಸರಿದ ದಿಂಬಿನ ಹಾಗೆ ಕಾಣುತ್ತಿದ್ದ.

ಬೇಲಿಯಾಚೆ ಪಂಕಜಾಕ್ಷಿಯಕ್ಕ ಲೆಕ್ಕ ಹಾಕಿದರು. ವ್ಯಾನಿನಿಂದ ಇಳಿದವರು ಮೂವರು, ಈಗ ಬಿಳಿ ಬಟ್ಟೆಯಲ್ಲಿರುವವರು ನಾಲ್ವರು. ಆ ನಾಲ್ಕನೆಯವನು ನಡೆಯುವುದೂ ಅಷ್ಟು ಸರಿ ಇಲ್ಲ. ಅವರಿಗೆ ಅಷ್ಟು ಸಾಕಾಯಿತು. ‘ತ್ಯಾಂಪಣ್ಣನಿಗೆ ಬಂದೇ ಬಿಟ್ಟಿತು’ ಎಂದು ಗುಂಪಿಗೆ ಬರೆದರು.

ಆಮೇಲೆ ತಡವಾಗಲಿಲ್ಲ. ಅವನ ಮನೆಯಿಂದ ಡೇರಿಗೆ ಹೋದ ಹಾಲು ಹೋದ ದಾರಿಯಲ್ಲೇ ವಾಪಸು ಬಂತು. ಊರವರನ್ನು ಕಡಬಕ್ಕೆ ಒಯ್ಯುವ ಸರ್ವೀಸ್ ಜೀಪು ಅವನ ಗೇಟಿನೆದುರು ಟರ್ಪಾಲು ಇಳಿಬಿಟ್ಟುಕೊಂಡು ಓಡಿತು. ಸುಳ್ಯದಿಂದ ವಾಸಂತಿಯ ಅಕ್ಕ ಫೋನಿನಲ್ಲಿ ಅಳತೊಡಗಿದಳು. ಇವರಿಗೆ ಎಂತ ಆಗಲಿಲ್ಲ, ಬಿಳಿ ಬಟ್ಟೆ ಹಾಕಿಕೊಂಡು ಮರದಡಿ ನಿಂತಿದ್ದಾರೆ ಎಂದು ವಾಸಂತಿ ಸಮಾಧಾನ ಹೇಳಿದಳು. ಅಕ್ಕನ ಅಳು ಇನ್ನೂ ಜೋರಾಯಿತು.

ಅಷ್ಟರಲ್ಲಿ ಹಕೀಮನ ಪಿಕಪ್ ಬಂತು. ಗೇಟಿನ ಒಳಗೆ ಬಿಳಿ ಆಕೃತಿಗಳು ಓಡಾಡುವುದನ್ನು ಕಂಡ ಹಕೀಮ್ ಇಳಿಯಲೇ ಇಲ್ಲ, ಗಾಡಿಯನ್ನು ಹಿಂದಕ್ಕೆ ತೆಗೆದು ತಿರುಗಿಸಿದ. ಅಷ್ಟು ವರ್ಷ ಕಾದು ಸಿಕ್ಕಿದ ಫಸಲು ಕೈ ತಪ್ಪುವುದನ್ನು ನೋಡಿಕೊಂಡು ನಿಲ್ಲಲು ತ್ಯಾಂಪಣ್ಣನಿಂದ ಆಗಲಿಲ್ಲ. ಕೈ ಬೀಸುತ್ತ, ಕಿಟ್ಟಿನೊಳಗೆ ಪಂಚೆ ತೊಡರಿಸಿಕೊಳ್ಳುತ್ತ ಹಿಂದಿನಿಂದ ಓಡಿದ. ಕನ್ನಡಿಯಲ್ಲಿ ಹಕೀಮನಿಗೆ ಕಂಡದ್ದು ತ್ಯಾಂಪಣ್ಣನಲ್ಲ, ಮುಖವಿಲ್ಲದ ಒಂದು ಬಿಳಿ ಭೂತ. ಪಿಕಪ್ ಕಡಬದ ದಾರಿ ಹಿಡಿದು ಮಾಯವಾಯಿತು. ತಿರುವಿನಲ್ಲಿದ್ದ ಗೂಡಂಗಡಿಯವನು ಬಾಗಿಲು ಎಳೆದುಕೊಂಡು ಒಳಗೇ ಉಳಿದ.

ತ್ಯಾಂಪಣ್ಣನ ಧೈರ್ಯ ಅಲ್ಲಿಯೂ ಕುಂದಲಿಲ್ಲ. ಬೆವರಿ ತೊಪ್ಪೆಯಾಗಿ ವಾಪಸು ಬಂದವನು ವಾಸಂತಿಗೆ, ರಿಪೋರ್ಟು ಬರಲಿ, ಎಲ್ಲರೂ ನಮ್ಮ ಅಂಗಳಕ್ಕೇ ಬರುತ್ತಾರೆ ಎಂದ. ಈ ಮಾತು ಮಾತ್ರ ಅಕ್ಷರಶಃ ನಿಜವಾಯಿತು.

ಸಂಜೆಯ ಹೊತ್ತಿಗೆ ವ್ಯಾನಿನ ಯಂತ್ರ ಕೆಲಸ ಮುಗಿಸಿತು. ಸಂಗ್ರಹಿಸಿದ ಯಾವ ಮಾದರಿಯಲ್ಲೂ ನಿಫಾ ಇರಲಿಲ್ಲ. ಕಚ್ಚಿದ ಹಣ್ಣು ತಿನ್ನಬೇಡಿ, ಉಳಿದದ್ದನ್ನು ತೊಳೆದು ತಿನ್ನಿ ಎಂಬ ಎಚ್ಚರಿಕೆಯೊಂದಿಗೆ ಚಿನ್ಮಯೀ ಅದನ್ನು ಬರೆದುಕೊಟ್ಟರು. ತ್ಯಾಂಪಣ್ಣ ಅದರ ಫೋಟೋವನ್ನು ಗುಂಪಿಗೂ ಹಕೀಮನಿಗೂ ಕಳಿಸಿದ. ಕಡಬದಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಹಕೀಮ್ ಆಳುಗಳೊಂದಿಗೆ ತಿರುಗಿ ಬಂದು, ನಾಚಿಕೆಯಿಂದ ಕೈ ಕುಲುಕಿ, ರಂಬುಟಾನ್ ಮರಕ್ಕೆ ಏಣಿ ಹಾಕಿಸಿದ. ಊರವರೂ ಒಬ್ಬೊಬ್ಬರಾಗಿ ಅಂಗಳ ತುಂಬಿದರು. ಎಲ್ಲರಿಗಿಂತ ಮುಂದೆ ಪಂಕಜಾಕ್ಷಿಯಕ್ಕ.

ಇಲ್ಲಿಗೆ ಸುಮ್ಮನಿದ್ದಿದ್ದರೆ ತ್ಯಾಂಪಣ್ಣ ಗೆದ್ದಿದ್ದ. ಆದರೆ ಅಷ್ಟು ಜನರನ್ನು ಕಂಡ ಮೇಲೆ ಸುಮ್ಮನಿರುವ ಜಾಯಮಾನ ಅವನದಲ್ಲ.

“ಡಾಕ್ಟ್ರೆ, ನನ್ನ ಬಾವಲಿಗಳು ಇಷ್ಟು ಆರೋಗ್ಯದಲ್ಲಿ ಇರ್ಲಿಕ್ಕೆ ಕಾರಣ ಎಂತ ಅಂತ ಇವರಿಗೆಲ್ಲ ಸ್ವಲ್ಪ ಬಿಡಿಸಿ ಹೇಳಿ” ಎಂದ.

ಇಷ್ಟು ದಿನ ಕೇಳುವವರೇ ಸಿಗದಿದ್ದ ಚಿನ್ಮಯೀ ಹುರುಪಿನಿಂದ ಶುರು ಮಾಡಿದರು. ಬಾವಲಿಯ ಮೈಯಲ್ಲಿ ವೈರಸ್ಸುಗಳು ಇರುವುದು ಸಹಜ, ಅವು ಹೊರಗೆ ಬರುವುದು ಯಾವಾಗ ಎಂಬುದೇ ಈಗಿನ ಪ್ರಶ್ನೆ ಎಂದರು. ಆಸ್ಟ್ರೇಲಿಯಾದಲ್ಲಿ ಇಂಥದೇ ಇನ್ನೊಂದು ವೈರಸ್ಸನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು, ಆಹಾರ ಸಿಗದೆ ಕಂಗೆಟ್ಟಾಗ ಬಾವಲಿಗಳು ಅದನ್ನು ಹೆಚ್ಚು ಹೊರಹಾಕುತ್ತವೆ ಎಂದು ಕಂಡುಕೊಂಡಿದ್ದಾರಂತೆ.

“ಇಲ್ಲಿನವಕ್ಕೆ ಯಾರ ಕಾಟವೂ ಇಲ್ಲ. ಹೊಟ್ಟೆ ತುಂಬ ರಂಬುಟಾನ್ ಉಂಟು. ಬಹುಶಃ ಅದೇ ಇರಬಹುದು.”

ತ್ಯಾಂಪಣ್ಣ ಎದೆಯುಬ್ಬಿಸಿ ಸುತ್ತ ನೋಡಿದ. ಜನ ಅವನನ್ನು ನೋಡುತ್ತಿರಲಿಲ್ಲ, ಏಣಿಯ ಮೇಲೆ ಕತ್ತರಿ ಹಿಡಿದು ನಿಂತಿದ್ದ ಹಕೀಮನ ಆಳನ್ನು ನೋಡುತ್ತಿದ್ದರು.

“ಡಾಕ್ಟ್ರೆ, ಈ ಹಣ್ಣೆಲ್ಲ ಪುತ್ತೂರಿಗೆ ಹೋದ್ರೆ, ನಾಳೆಯಿಂದ ಇವುಗಳ ಹೊಟ್ಟೆಗೆ ಎಂತ?” ಎಂದು ಪಂಕಜಾಕ್ಷಿಯಕ್ಕ ಕೇಳಿದರು.

ಚಿನ್ಮಯೀ ಸುಳ್ಳು ಹೇಳುವವರಲ್ಲ. “ಅದು ನಮಗೂ ಗೊತ್ತಿಲ್ಲ. ಇನ್ನು ನೋಡ್ಬೇಕಷ್ಟೆ” ಎಂದರು.

ಆಳು ಯಾರೂ ಹೇಳದೆಯೇ ಏಣಿಯಿಂದ ಇಳಿದ. ಊರಿಗೆ ಜ್ವರ ತರಿಸಿದವ ಎಂಬ ಹೆಸರು ತನಗೆ ಬೇಡ ಎಂದು ಹಕೀಮ್ ಖಾಲಿ ಕ್ರೇಟುಗಳನ್ನು ಪಿಕಪ್ಪಿಗೆ ಏರಿಸಿಕೊಂಡು ಹೋದ. ನಾಲ್ಕು ಹಣ್ಣು ಕೊಯ್ದರೆ ಯಾವ ಬಾವಲಿಯೂ ಉಪವಾಸ ಬೀಳುವುದಿಲ್ಲ ಎಂದು ತ್ಯಾಂಪಣ್ಣ ವಾದಿಸಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ಗುಂಪಿನಲ್ಲಿ ಗೋಳಿಮರ ಕಡಿಸಬೇಕು ಎಂದು ಬರೆದವರೇ ಈಗ ಫಸಲಿನ ಕಾವಲಿಗೆ ಸರದಿ ಹಂಚಿಕೊಂಡರು. ಇಷ್ಟು ಸಹಕಾರ ಕೊಡುವ ಊರನ್ನು ತಾನು ನೋಡಿಯೇ ಇಲ್ಲ ಎಂದು ಚಿನ್ಮಯೀ ಮನಸಾರೆ ಹೊಗಳಿ ಸುಳ್ಯಕ್ಕೆ ಹೊರಟರು.

ಮಬ್ಬುಗತ್ತಲಾದಾಗ ಬಾವಲಿಗಳು ಗೋಳಿಮರದಿಂದ ಬಿಚ್ಚಿಕೊಂಡು ಕೆಂಪು ಹಣ್ಣುಗಳ ಮೇಲೆ ಇಳಿದವು. ವಾಸಂತಿ ಗಂಡನೊಡನೆ ಮಾತು ಬಿಟ್ಟು ಒಳಗೆ ಕುಳಿತಿದ್ದಳು. ತ್ಯಾಂಪಣ್ಣನಿಗೆ ಸಂಕಟವಾಯಿತು. ಅಷ್ಟು ವರ್ಷ ಸಾಕಿದ ಮರ, ತಾನೊಂದು ಹಣ್ಣಾದರೂ ತಿನ್ನಬೇಡವೇ ಎಂದುಕೊಂಡು ಕೆಳಗಿನ ಕೊಂಬೆಗೆ ಕೈ ಚಾಚಿದ.

ಬೇಲಿಯಾಚೆಯಿಂದ ಟಾರ್ಚಿನ ಬೆಳಕು ಬಂದು ಕೈಯ ಮೇಲೆ ಬಿತ್ತು.

“ತ್ಯಾಂಪಣ್ಣ, ಅದು ಅವುಗಳ ಊಟ” ಎಂದರು ಪಂಕಜಾಕ್ಷಿಯಕ್ಕ. “ನಿಮಗೆ ಹಸಿವಾದ್ರೆ ಇಲ್ಲಿಗೆ ಬನ್ನಿ, ಗಂಜಿ ಉಂಟು.”